ಫ್ರೀಕ್ಸ್ ಅಂಡ್ ಗೀಕ್ಸ್‌ನ ಜನ ನೋಡ್ಲಿಲ್ಲ ಅನ್ನೋದು ಅರ್ಧ ಸತ್ಯ

ಹೈಸ್ಕೂಲ್ ಹುಡುಗ್ರ ಕಥೆ ಇರೋ ಅಮೆರಿಕದ ಟಿವಿ ಸೀರಿಯಲ್ ಫ್ರೀಕ್ಸ್ ಅಂಡ್ ಗೀಕ್ಸ್ ಬಗ್ಗೆ ನಿಮ್ಮ ಬರಹದಲ್ಲಿ, ಜನ ನೋಡ್ಲಿಲ್ಲ, ಅದಕ್ಕೇ ಸೀರಿಯಲ್ ನಿಂತೋಯ್ತು ಅಂತ ಬರ್ದಿದೀರ ಸರ್, ಆದ್ರೆ ಅಲ್ಲಿನ ಟಿವಿ ಚಾನೆಲ್ ಎನ್‌ಬಿಸಿಯವ್ರು 1999ರಲ್ಲಿ ಅದನ್ನ ಹಾಕಿದ್ದು ಶನಿವಾರ ರಾತ್ರಿ 8 ಗಂಟೆಗೆ, ಅಮೆರಿಕದಲ್ಲಿ ಹೈಸ್ಕೂಲ್ ಹುಡುಗ್ರು ಮನೇಲಿರೋ ಹೊತ್ತಾ ಅದು? ಆಮೇಲೆ ಸೋಮವಾರಕ್ಕೆ ತಂದು ಮಿಲಿಯನೇರ್ ಕ್ವಿಜ್ ಶೋ ಎದುರಿಗೆ ನಿಲ್ಸಿದ್ರು, ನಮ್ಮ ಕೋಟ್ಯಧಿಪತಿ ಥರದ್ದೇ, ಆಗ ಅಲ್ಲಿ ಊರೆಲ್ಲಾ ನೋಡ್ತಿದ್ದಿದ್ದು ಅದನ್ನೇ. ಇದ್ದಿದ್ದೇ 18 ಎಪಿಸೋಡು, 12 ಬರೋಷ್ಟ್ರಲ್ಲಿ ಕ್ಯಾನ್ಸಲ್. ತುಂಬಾ ಬೇಜಾರಾಗುತ್ತೆ.

ಇದ್ರಲ್ಲಿ ಆಕ್ಟ್ ಮಾಡಿದ ಸೇತ್ ರೋಗನ್, ಜೇಮ್ಸ್ ಫ್ರಾಂಕೋ ಮುಂದೆ ಸ್ಟಾರ್ ಆದ್ರು ಅಂತ ಎಲ್ರೂ ಬರೀತಾರೆ, ನಂಗೆ ಮಾತ್ರ ಮಾರ್ಟಿನ್ ಸ್ಟಾರ್ ಮಾಡಿರೋ ಬಿಲ್ ಅನ್ನೋ ಹುಡುಗನ ಪಾತ್ರಾನೇ ಜೀವ. ಸ್ಕೂಲಿಂದ ಖಾಲಿ ಮನೆಗೆ ಬಂದು, ಚೀಸ್ ಸ್ಯಾಂಡ್‌ವಿಚ್ ಮಾಡ್ಕೊಂಡು ಟಿವಿ ಮುಂದೆ ಒಬ್ನೇ ಕೂತು ಹೊಟ್ಟೆ ತುಂಬಾ ನಗ್ತಾನಲ್ಲ, ಒಂದು ಡೈಲಾಗೂ ಇಲ್ಲ ಆ ಸೀನಲ್ಲಿ. ಅಮ್ಮ ಕೆಲ್ಸದಿಂದ ಬರೋವರ್ಗೂ ನಾನೂ ಹಂಗೇ ಕೂತಿರ್ತಿದ್ದೆ, ಅದನ್ನ ನೋಡಿದಾಗ ಗಂಟಲು ಕಟ್ಟಿಬಂತು. ಈ ಸೀರಿಯಲ್ ಹುಟ್ಟುಹಾಕಿದ ಪಾಲ್ ಫೀಗ್ ತಾನು ಬೆಳೆದ ಮಿಷಿಗನ್ ರಾಜ್ಯದಲ್ಲೇ, 1980ರಲ್ಲಿ ನಡೆಯೋ ಕಥೆಯಾಗಿ ಬರ್ದಿದ್ದು, ಅದಕ್ಕೇ ಎಲ್ಲೂ ಸುಳ್ಳು ಅನ್ಸಲ್ಲ. ಆ ಸೀನ್ ಬಗ್ಗೆ ನೀವು ಎರಡು ಸಾಲಾದ್ರೂ ಬರೀಬೇಕಿತ್ತು.