ಒಗ್ಗರಣೆ ಬಿದ್ದ ಕೋಸಂಬರಿ

ಪುಣೆಯಲ್ಲಿ ನಾನು ಹೋಗುವ ಯೋಗ ತರಗತಿಯವರು ತಿಂಗಳಿಗೊಮ್ಮೆ ಒಟ್ಟಿಗೆ ಕೂತು ಊಟ ಮಾಡುತ್ತಾರೆ. ಒಲೆ ಹಚ್ಚದ ಊಟ. ಎಲ್ಲರೂ ಮನೆಯಿಂದ ಒಂದೊಂದು ಹಸಿ ತಿನಿಸು ತರಬೇಕು. ಇದರಲ್ಲಿ ನಮ್ಮನ್ನ ಮೀರಿಸುವವರು ಯಾರಿದ್ದಾರೆ ಅಂದುಕೊಂಡು ಹೆಸರುಬೇಳೆ ಕೋಸಂಬರಿ ಮಾಡಿಕೊಂಡು ಹೋದೆ. ರಾಮನವಮಿಗೆ ಅಮ್ಮ ಮಾಡುವ ಹಾಗೆಯೇ. ನೆನೆದ ಬೇಳೆ, ಸೌತೆಕಾಯಿ, ತೆಂಗಿನತುರಿ, ನಿಂಬೆರಸ, ಕೊತ್ತಂಬರಿ. ಡಬ್ಬಿ ತೆಗೆದಾಗ ಎಲ್ಲರೂ ಹೊಗಳಿದರು. ಆಮೇಲೆ ಒಬ್ಬರು ಕಾಕಾ ಬಗ್ಗಿ ನೋಡಿ ಸಾಸಿವೆ ಕಾಳನ್ನು ತೋರಿಸಿದರು. "ಒಗ್ಗರಣೆ ಹಾಕಿದ್ದೀರಾ?" ಹೌದು ಎಂದೆ. ಡಬ್ಬಿ ನಿಧಾನವಾಗಿ ಮೇಜಿನ ಆಚೆ ತುದಿಗೆ ಹೋಯಿತು. ಬೆಂಕಿ ಮುಟ್ಟಿದ್ದು ನಡೆಯುವುದಿಲ್ಲವಂತೆ.

ಚಿಟಿಕೆ ಸಾಸಿವೆ, ಒಂದು ಚಮಚ ಎಣ್ಣೆ, ಇಂಗು. ಅಷ್ಟೇ! ಹಾಸನದ ಕಡೆ ಯಾರಾದರೂ ಒಬ್ಬರು ತಂದ ಕೋಸಂಬರಿಯನ್ನು ಹೀಗೆ ಪಕ್ಕಕ್ಕೆ ಸರಿಸಿದ್ದರೆ ಮುಂದಿನ ಮೂರು ಮದುವೆಗಳಲ್ಲಿ ಅದೇ ಮಾತಾಗಿರುತ್ತಿತ್ತು.

ಇವರು ಒರಟು ಜನರೇನಲ್ಲ. ಬೆಳಿಗ್ಗೆ ಬೂದುಗುಂಬಳದ ರಸ, ಮಧ್ಯಾಹ್ನ ಮೊಳಕೆ ಹೆಸರುಕಾಳು, ಕ್ಯಾರೆಟ್ಟು, ಬೀಟ್ರೂಟು, ಖರ್ಜೂರ, ನೆನೆಸಿದ ಕಡಲೆಕಾಯಿ ಬೀಜ. ಸೂರ್ಯ ಒಮ್ಮೆ ಬೇಯಿಸಿದ್ದನ್ನು ನಾವು ಯಾಕೆ ಮತ್ತೆ ಬೇಯಿಸಬೇಕು ಎನ್ನುವುದು ಅವರ ಪ್ರಶ್ನೆ. 48 ಡಿಗ್ರಿ ದಾಟಿದರೆ ಆಹಾರದಲ್ಲಿನ ಜೀವ ಹೋಗುತ್ತದೆ, ಜೀವವಿಲ್ಲದ್ದು ತಿಂದರೆ ಧ್ಯಾನ ಕೂಡುವುದಿಲ್ಲ ಎನ್ನುತ್ತಾರೆ. ಬೆಲ್ಲವೂ ಇಲ್ಲ. ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿದದ್ದಲ್ವಾ ಅದು. ಅಂದರೆ ಪಾನಕವೂ ಹೋಯಿತು. ಕಾಫಿ ವಿಷಯ ನಾನು ಎತ್ತಲೇ ಇಲ್ಲ. ಸಕಲೇಶಪುರದ ಕಡೆ ನಮಗೆ ನೆಂಟರಿದ್ದಾರೆ, ಅವರ ಮುಖ ನೋಡಬೇಕು.

ಜೀವ ಇದೆ, ಆದ್ದರಿಂದ ತಿನ್ನಿ. ಈ ಮಾತು ಕೇಳಿದಾಗಲೆಲ್ಲ ನನಗೆ ಶ್ರವಣಬೆಳಗೊಳ ನೆನಪಾಗುತ್ತದೆ. ನಮ್ಮದು ಚನ್ನರಾಯಪಟ್ಟಣದ ಪಕ್ಕದ ಹಳ್ಳಿ. ಹೈಸ್ಕೂಲಿನಲ್ಲಿ ಜೊತೆಗಿದ್ದ ಗೆಳೆಯನ ಮನೆ ಬೆಳಗೊಳದಲ್ಲಿ. ಅವರ ಮನೆಗೆ ದಿಗಂಬರ ಮುನಿಗಳು ಆಹಾರಕ್ಕೆ ಬಂದದ್ದನ್ನು ದೂರದಿಂದ ನೋಡಿದ್ದೇನೆ. ಮುನಿಗಳು ನಿಂತೇ ಉಣ್ಣುತ್ತಾರೆ. ತಟ್ಟೆಯಿಲ್ಲ, ಎರಡು ಕೈ ಜೋಡಿಸಿದ ಬೊಗಸೆಯೇ ಪಾತ್ರೆ. ದಿನಕ್ಕೆ ಒಂದೇ ಹೊತ್ತು, ನೀರು ಕುಡಿಯುವುದೂ ಆವಾಗಲೇ. ತುತ್ತಿನಲ್ಲಿ ಕೂದಲೋ ಹುಳುವೋ ಸಿಕ್ಕರೆ ಅಂತರಾಯ, ಆವತ್ತಿನ ಊಟ ಅಲ್ಲಿಗೇ ಮುಗಿಯಿತು. ಗೆಳೆಯನ ತಾಯಿ ನೀರನ್ನು ಬಟ್ಟೆಯಲ್ಲಿ ಸೋಸಿ ಕುದಿಸುತ್ತಿದ್ದರು. ಹಸಿ ತರಕಾರಿಯನ್ನು ಹಾಗೆಹಾಗೇ ಕೊಡುವ ಮಾತೇ ಇಲ್ಲ. ಗಡ್ಡೆಗೆಣಸಂತೂ ಆ ಅಡುಗೆಮನೆಯೊಳಗೆ ಕಾಲಿಡುತ್ತಿರಲಿಲ್ಲ. ಕಾರಣ? ಅದರಲ್ಲಿ ಜೀವ ಇದೆ.

ನೋಡಿ, ಇಬ್ಬರೂ ಹೇಳುವುದು ಒಂದೇ. ಒಬ್ಬರು ಜೀವ ಇದೆ ಅಂತ ಕ್ಯಾರೆಟ್ಟನ್ನು ಹಸಿಯಾಗಿ ಕಡಿಯುತ್ತಾರೆ. ಇನ್ನೊಬ್ಬರು ಜೀವ ಇದೆ ಅಂತ ಅದನ್ನು ನೆಲದಿಂದ ಕೀಳುವುದೇ ಬೇಡ ಅನ್ನುತ್ತಾರೆ. ಕಾಕಾಗೆ ಇದನ್ನು ಹೇಳಿದೆ. ಅವರು ನಕ್ಕು, "ಅದು ಅವರ ಧರ್ಮ, ಇದು ಯೋಗ" ಎಂದರು.

ಯೋಗವೇ ಆಗಲಿ. ಹಠಯೋಗ ಪ್ರದೀಪಿಕೆಯಲ್ಲಿ ಯೋಗಿಗೆ ಒಳ್ಳೆಯದು ಅಂತ ಬರೆದಿರುವುದು ಗೋಧಿ, ಅಕ್ಕಿ, ಜವೆ, ಹಾಲು, ತುಪ್ಪ, ಶುಂಠಿ, ಹೆಸರುಕಾಳು. ಗೋಧಿ ಅಕ್ಕಿಯನ್ನು ಯಾವ ಯೋಗಿ ಹಸಿಯಾಗಿ ಅಗಿಯುತ್ತಾನೆ? ಅದರಲ್ಲಿ ಬೇಡ ಎಂದಿರುವುದರಲ್ಲಿ ಒಂದು, ಆರಿದ್ದನ್ನು ಮತ್ತೆ ಬಿಸಿ ಮಾಡಿ ತಿನ್ನುವುದು. ಹೊಟ್ಟೆಯ ಕಾಲು ಭಾಗ ಖಾಲಿ ಬಿಡು ಎಂದೂ ಇದೆ. ಗೀತೆಯ 17ನೇ ಅಧ್ಯಾಯವೂ ಸಾತ್ವಿಕ ಆಹಾರಕ್ಕೆ ರಸ ಇರಬೇಕು, ಜಿಡ್ಡು ಇರಬೇಕು ಎನ್ನುತ್ತದೆಯೇ ಹೊರತು ಒಲೆ ಆರಿಸು ಎನ್ನುವುದಿಲ್ಲ. ಅದರ ಪ್ರಕಾರ ತಾಮಸ ಆಗುವುದು ಮಾಡಿಟ್ಟು ಹೊತ್ತಾದ, ರುಚಿಗೆಟ್ಟ, ಹಳಸಿದ ಊಟ. ಬಿಸಿ ಮುದ್ದೆಯ ಮೇಲೆ ಯಾರ ತಕರಾರೂ ಇಲ್ಲ.

ಪುಣೆಯವರ ಕೊನೆಯ ಅಸ್ತ್ರ ಗಾಂಧೀಜಿ. ಪಕ್ಕದ ಉರುಳಿಕಾಂಚನದಲ್ಲಿ 1946ರಲ್ಲಿ ಅವರೇ ಶುರು ಮಾಡಿದ ನಿಸರ್ಗೋಪಚಾರ ಆಶ್ರಮ ಇದೆ. ಆದರೆ ಅದಕ್ಕೂ ಮೊದಲು, 1929ರಲ್ಲಿ, ಅವರು ಹಸಿ ಆಹಾರವನ್ನೇ ತಿಂದು ನೋಡಿ, ಆರೋಗ್ಯ ಕೆಟ್ಟು, ಅದನ್ನು ಕೈಬಿಟ್ಟಿದ್ದರು. ಬೇಯಿಸದೆ ತಿನ್ನುವುದನ್ನು ಮೊದಲು ಉತ್ಸಾಹದಿಂದ ಬರೆದವರೂ ಅವರೇ, ಆಮೇಲೆ ಆಗಲಿಲ್ಲ ಎಂದು ಒಪ್ಪಿಕೊಂಡವರೂ ಅವರೇ. ಇದನ್ನು ಹೇಳಿದರೆ ಮೇಜಿನಲ್ಲಿ ಯಾರಿಗೂ ಕೇಳಿಸುವುದಿಲ್ಲ.

ನಮ್ಮೂರಲ್ಲಿ ಹಸಿಯದು ತಿನ್ನುವುದಿಲ್ಲವೇ? ಬೇಸಿಗೆ ಪೂರ್ತಿ ಎಳನೀರು, ಮಜ್ಜಿಗೆ, ಸೌತೆಕಾಯಿ. ಕಡಲೆಕಾಯಿ ಕಿತ್ತಾಗ ಹೊಲದಲ್ಲೇ ಕೂತು ಹಸಿ ಕಡಲೆಕಾಯಿ. ಅಜ್ಜಿ ಶ್ರಾವಣ ಶನಿವಾರ ಒಪ್ಪತ್ತು ಇರುತ್ತಿದ್ದಳು, ಶಿವರಾತ್ರಿಗೆ ಹಣ್ಣಿನ ಮೇಲೇ ಇರುತ್ತಿದ್ದಳು. ಮಾರನೇ ದಿನ ಎಲ್ಲರ ಜೊತೆ ಕೂತು ಸಾರು ಸುರಿದುಕೊಂಡು ಉಣ್ಣುತ್ತಿದ್ದಳು. ಅವಳನ್ನು ಯಾರೂ ಸಾಧಕಿ ಅನ್ನಲಿಲ್ಲ, ಅವಳೂ ಹೇಳಿಕೊಳ್ಳಲಿಲ್ಲ. ಎಲೆಯ ಮೇಲೆ ಕೋಸಂಬರಿಗೆ ಒಂದು ಮೂಲೆ ಇರುತ್ತದೆ. ಅದು ಎಲೆ ಪೂರ್ತಿ ಆಗುವುದಿಲ್ಲ, ಅದಿಲ್ಲದೆ ಎಲೆಯೂ ಆಗುವುದಿಲ್ಲ. ಇಲ್ಲಿ ಅದೇ ಕೋಸಂಬರಿ ಒಬ್ಬ ಮನುಷ್ಯನ ಗುರುತಾಗಿಬಿಟ್ಟಿದೆ. ಪರಿಚಯ ಮಾಡಿಕೊಳ್ಳುವಾಗ ಹೆಸರಿನ ಹಿಂದೆಯೇ "ನಾನು ಪೂರ್ತಿ ಹಸಿ" ಎಂದು ಬರುತ್ತದೆ. ತಿನ್ನುವುದು ಕಡಿಮೆ, ಅದರ ಬಗ್ಗೆ ಮಾತು ಜಾಸ್ತಿ.

ಇನ್ನೂ ಒಂದು. ಡಿಸೆಂಬರಿನಲ್ಲಿ ಸೊಗಡಿನ ಅವರೆಕಾಯಿ ಬರುತ್ತದೆ. ಹಿತಕಿದ ಬೇಳೆ ಸಾರಿನ ವಾಸನೆ ಬೀದಿಯ ತುದಿಗೆ ಬರುತ್ತದೆ. ಅವರೆಕಾಳನ್ನು ಹಸಿಯಾಗಿ ತಿನ್ನಲು ಆಗುವುದಿಲ್ಲ, ತಿನ್ನಲೂ ಬಾರದು. ರಾಜ್ಮಾ ಹಸಿಯಾಗಿ ತಿಂದರೆ ವಾಂತಿ ಭೇದಿ ಗ್ಯಾರಂಟಿ. ಬೆಂಕಿ ಬರೀ ಚಪಲಕ್ಕೆ ಬಂದದ್ದಲ್ಲ. ಸೊಪ್ಪಿನ ಸಿ ವಿಟಮಿನ್ ಬೇಯಿಸಿದರೆ ಕಡಿಮೆಯಾಗುತ್ತದೆ, ನಿಜ. ಆದರೆ ಕ್ಯಾರೆಟ್ಟಿನ ಬಣ್ಣದ ಸತ್ವ ಮೈಗೆ ಚೆನ್ನಾಗಿ ಹತ್ತುವುದು ಬೆಂದಾಗಲೇ. ಬರೀ ಕಾಯಿ ಹಣ್ಣಿನ ಮೇಲೆ ಇರುವವರು ಬಿ12 ಮಾತ್ರೆ ನುಂಗಲೇಬೇಕು. ಕಾಕಾ ಅವರ ಚೀಲದಲ್ಲೂ ಅದರ ಡಬ್ಬಿ ನೋಡಿದೆ. ಸೂರ್ಯ ಅದನ್ನು ಬೇಯಿಸಿರಲಿಕ್ಕಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ಹೇಳಬೇಕು, ಮನಸ್ಸಿಲ್ಲದಿದ್ದರೂ. ಈ ಮೇಜಿನ ಸುತ್ತ ಕೂತವರು ನಮ್ಮೂರಿನ ಅದೇ ವಯಸ್ಸಿನವರಿಗಿಂತ ಹಗುರವಾಗಿ ಓಡಾಡುತ್ತಾರೆ. ಊರಿಗೆ ಹೋದಾಗ ನೋಡುತ್ತೇನಲ್ಲ. ಬೀಗರ ಊಟದಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಜೇಬಿನಿಂದ ತೆಗೆದು ಬಾಯಿಗೆ ಹಾಕಿಕೊಂಡು "ಇನ್ನೊಂದು ಹಾಕಪ್ಪ" ಎಂದು ಹೋಳಿಗೆಗೆ ಕೈ ಚಾಚುವವರು ಎಷ್ಟು ಜನ! ಎಲೆಯ ಮೂಲೆಯ ಕೋಸಂಬರಿಯನ್ನು ಎಷ್ಟೋ ಜನ ಮುಟ್ಟದೇ ಎಲೆ ಮಡಿಸುತ್ತಾರೆ. ಒಪ್ಪತ್ತಿನ ದಿನ ಈಗ ಉಪ್ಪಿಟ್ಟು, ಅವಲಕ್ಕಿ, ಸಜ್ಜಿಗೆ ಎಲ್ಲ ಆಗುತ್ತದೆ. ಅಜ್ಜಿಯ ಒಪ್ಪತ್ತು ಅಜ್ಜಿಯ ಜೊತೆಗೇ ಹೋಯಿತು. ಇಲ್ಲಿಯವರಾದರೂ ಹಿಡಿದದ್ದನ್ನು ಬಿಟ್ಟಿಲ್ಲ.

ಇದಕ್ಕಿಂತ ಜಾಸ್ತಿ ನನ್ನನ್ನು ಚುಚ್ಚಿದ್ದು ಬೇರೆ. ಆ ಊಟದ ದಿನ ಹೆಂಗಸರೂ ಗಂಡಸರೂ ಒಟ್ಟಿಗೆ ಕೂತಿದ್ದರು. ಬಡಿಸಲು ಯಾರೂ ನಿಂತಿರಲಿಲ್ಲ. ಆರುತ್ತದೆ ಎಂದು ಓಡುವಂಥದ್ದು ಏನೂ ಇರಲಿಲ್ಲ. ನಮ್ಮಲ್ಲಿ ಮುದ್ದೆ ಬಿಸಿಯಾಗಿಯೇ ಬೇಕು. ಒಬ್ಬೊಬ್ಬರು ಹೊಲದಿಂದ, ಕೆಲಸದಿಂದ ಬಂದ ಹಾಗೆ ಬಿಸಿಯಾಗಿ ಬೇಕು. ಹಾಗಾಗಿ ಮುದ್ದೆ ಕೋಲು ಹಿಡಿದವರು ಕೊನೆಗೆ ಉಣ್ಣುತ್ತಾರೆ, ಅದೂ ಆರಿದ್ದನ್ನು. ಅಮ್ಮ ಎಲ್ಲರ ಜೊತೆ ಕೂತು ಬಿಸಿ ಮುದ್ದೆ ಮುರಿದದ್ದನ್ನು ನಾನು ನೋಡಿಯೇ ಇಲ್ಲ. ಆರಿದ ಊಟ ತಾಮಸ ಅಂತ ಗೀತೆ ತೋರಿಸಿ ವಾದ ಮಾಡಿದವನು ನಾನೇ, ಅಲ್ವಾ. ಕಾಕಾ ಅವರಿಗೆ ಇದನ್ನು ಹೇಳಲಿಲ್ಲ. ಹೇಳಿದರೆ ಗೆದ್ದೆ ಅಂದುಕೊಳ್ಳುತ್ತಾರೆ.

ಊರಿಗೆ ಫೋನ್ ಮಾಡಿದಾಗ ಅತ್ತಿಗೆಗೆ ಹೇಳಿದೆ. ಇಲ್ಲಿ ಹೀಗೆಲ್ಲ ಇದೆ ಅತ್ತಿಗೆ, ವಾರಕ್ಕೊಂದು ಹೊತ್ತು ಒಲೆ ಹಚ್ಚದೇ ನೆನೆಸಿದ ಕಾಳು, ಹಣ್ಣು, ತೆಂಗಿನಕಾಯಿ ಅಂತ ಮಾಡಿದರೆ ಹೇಗೆ ಎಂದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ನಂಗೇನೋ ಆಯ್ತದೆ. ನಿಮ್ಮಣ್ಣನಿಗೆ ನೀವೇ ಹೇಳಿ" ಎಂದರು. ಯುಗಾದಿಗೆ ಹೋದಾಗ ಹೇಳಬೇಕು. ಮಾರನೇ ದಿನ ಹೊಸತೊಡಕಿನ ಬಾಡೂಟ ಮುಗಿದ ಮೇಲೆ.