ಅದು ಹಮ್ಮಿಂಗ್ ಅಲ್ಲ ಮಾರಾಯ್ರೆ

ಹೋದ ತಿಂಗಳು ಉಡುಪಿಯ ಒಂದು ಸಣ್ಣ ಹಾಲ್‌ನಲ್ಲಿ ನನ್ನ ಸಂಗೀತ ಕೇಳಿಸಿದೆ. ಎರಡು ನಿಮಿಷ ಆಗಿತ್ತಷ್ಟೆ, ಸೌಂಡ್‌ನವರು ಓಡಿ ಬಂದು ವೈರ್ ಅಲುಗಾಡಿಸಿದರು. "ಎಲ್ಲೋ ಹಮ್ಮಿಂಗ್ ಬರ್ತಾ ಉಂಟು." ಆ ಹಮ್ಮಿಂಗನ್ನೇ ನಾನು ಮೂರು ವಾರ ಕೂತು ಮಾಡಿದ್ದು! ಹೇಳಿದೆ. "ಹಾಗಾದ್ರೆ ಸರಿ" ಅಂತ ಹೋಗಿ ಕೂತರು. ಕೊನೆವರೆಗೂ ಕೂತಿದ್ದರು. ಬಂದಿದ್ದ ಹದಿನಾಲ್ಕು ಜನರಲ್ಲಿ ಎಲ್ಲರೂ ಹಾಗೆ ಕೂರಲಿಲ್ಲ.

ಆ ಸದ್ದು ಮಲ್ಪೆಯದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ ಅಲ್ವಾ, ಬೋಟುಗಳೆಲ್ಲ ಬಂದರಿನಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ. ಎಂಜಿನ್ ಇಲ್ಲ, ಹರಾಜಿನ ಕೂಗಿಲ್ಲ. ನಡುಕವನ್ನು ಕರೆಂಟಾಗಿ ಬದಲಿಸುವ, ನಾಣ್ಯದಷ್ಟು ದೊಡ್ಡ ಪಿಯೆಜೋ ಬಿಲ್ಲೆಗೆ ವೈರ್ ಬೆಸುಗೆ ಹಾಕಿ, ಹಗ್ಗ ಕಟ್ಟುವ ಕಬ್ಬಿಣದ ಗೂಟಕ್ಕೆ ಅಂಟಿಸಿದೆ. ಹೊರಗಿನ ಮಾತುಕತೆ ಹೆಚ್ಚುಕಮ್ಮಿ ಮಾಯ, ಗೂಟದ ನಡುಕ ಮಾತ್ರ ಕೇಳುತ್ತದೆ. ಬೋಟು ಒಂದು ಗೇಣು ಸರಿದರೆ ಹಗ್ಗ ಬಿಗಿಯುತ್ತದೆ, ಉದ್ದಕ್ಕೆ 'ಊಂ' ಅಂತ ಏಳುತ್ತದೆ. ಬದಿಗೆ ಕಟ್ಟಿದ ಟಯರು ಉಜ್ಜಿದರೆ ಎಮ್ಮೆ ಕೂಗಿದ ಹಾಗೆ. ನಾನು ರೆಕಾರ್ಡಿಂಗಿನ ವೇಗ ಅರ್ಧಕ್ಕೆ ಇಳಿಸಿದೆ, ಸದ್ದು ಒಂದು ಸ್ಥಾಯಿ ಕೆಳಗೆ ಹೋಯಿತು. ಉಳಿದದ್ದೆಲ್ಲ ಸುಮ್ನೆ ಕಾಯುವ ಕೆಲಸ.

ಅಮ್ಮ ಕೇಳಿ ಹೇಳಿದ್ದು: "ಇದಕ್ಕೆ ನಿನ್ನ ಪೆಟ್ಟಿಗೆ ಎಂತಕ್ಕೆ? ಬಂದರಿಗೆ ಹೋದ್ರೆ ಸಾಕಲ್ಲ." ಇದಕ್ಕೆ ನನ್ನಲ್ಲಿ ಇನ್ನೂ ಉತ್ತರ ಇಲ್ಲ.

ಇದೆಲ್ಲ ಫಾರಿನ್ ಹುಚ್ಚು ಅನ್ನುವವರಿಗೆ ಉತ್ತರ ಉಂಟು. 1948ರಲ್ಲಿ ಪ್ಯಾರಿಸ್ಸಿನ ಪಿಯೇರ್ ಶೆಫರ್ ರೈಲಿನ ಸದ್ದು ಜೋಡಿಸಿ ಸಂಗೀತ ಮಾಡಿದ, ನಿಜ. ಆದರೆ 1969ರಲ್ಲೇ ಅಹಮದಾಬಾದಿನ ವಿನ್ಯಾಸ ಕಾಲೇಜು ಎನ್‌ಐಡಿಯಲ್ಲಿ ಮೂಗ್ ಸಿಂಥಸೈಜರ್ (ಕರೆಂಟಿನಿಂದಲೇ ಸದ್ದು ಹುಟ್ಟಿಸುವ ವಾದ್ಯ) ಇದ್ದ ಸ್ಟುಡಿಯೋ ಶುರುವಾಗಿತ್ತು. ಸಂಗೀತಗಾರ್ತಿ ಗೀತಾ ಸಾರಾಭಾಯಿ ಅಂಥವರು ಅಲ್ಲಿ ಕೂತು ಪ್ರಯೋಗ ಮಾಡಿದ್ದರು. ಆ ಟೇಪುಗಳು ದಶಕಗಟ್ಟಲೆ ಕಪಾಟಿನಲ್ಲೇ ಉಳಿದವು. ಸಂಕಲನವಾಗಿ ಹೊರಬಂದದ್ದು 2023ರಲ್ಲಿ. ನನಗೆ ಹೊಟ್ಟೆ ಉರಿಯುವುದು ಇಲ್ಲಿ. ನಮ್ಮವರೇ ಮಾಡಿದ್ದನ್ನು ಕೇಳದೆ ನಾನು ಶುರು ಮಾಡಬೇಕಾಯಿತು.

ಹಾಗಾಗಿ ನಾನು ಕಪಾಟು ಇಟ್ಟುಕೊಂಡಿಲ್ಲ. ಅರೆಬೆಂದದ್ದನ್ನೂ ನೆಟ್ಟಿಗೆ ಹಾಕುತ್ತೇನೆ, ಜೊತೆಗೆ ಕಚ್ಚಾ ಫೈಲುಗಳನ್ನೂ. ಹೆಸರು ಹಾಕಿದರೆ ಸಾಕು ಎನ್ನುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್. ಕದ್ದರೆ ಅಂತ ಕೇಳುತ್ತಾರೆ. ಯಕ್ಷಗಾನದ ಚೆಂಡೆಯ ಪೆಟ್ಟು ಯಾರದು ಹೇಳಿ? ಕಲಿತವ ಬಾರಿಸುತ್ತಾನೆ, ಆಟದಿಂದ ಆಟಕ್ಕೆ ಸ್ವಲ್ಪ ಬದಲಿಸುತ್ತಾನೆ. ದುಡ್ಡಿಗೆ ನಾನು ಮದುವೆ ವಿಡಿಯೋಗಳ ಆಡಿಯೋ ಸರಿ ಮಾಡುತ್ತೇನೆ. ನಾಚಿಕೆ ಏನಿಲ್ಲ.

ಒಂದನ್ನು ಮಾತ್ರ ಹಾಕುವುದಿಲ್ಲ. ನಮ್ಮೂರ ಭೂತಕೋಲದ ರೆಕಾರ್ಡಿಂಗ್ ಉಂಟು, ರಾತ್ರಿ ಇಡೀ ಕೂತು ಹಿಡಿದದ್ದು. ಅದು ಹಂಚಲಿಕ್ಕೆ ನನ್ನದಲ್ಲ. ಇದು ನನ್ನ ಮಾತಿಗೇ ವಿರುದ್ಧ ಅಂದರೆ ಅನ್ನಿ.

ಮೊನ್ನೆ ಯಾರೋ ಆ ಹಗ್ಗದ ಫೈಲಿಗೆ ತಮ್ಮ ಮನೆಯ ಗ್ರೈಂಡರ್ ಸದ್ದು ಸೇರಿಸಿ ಕಳಿಸಿದ್ದಾರೆ. ಅಕ್ಕಿ ನುಣ್ಣಗಾಗುತ್ತಾ ಬಂದ ಹಾಗೆ ಹಗ್ಗದ ಸದ್ದು ಮೇಲೆ ಬರುತ್ತದೆ. ನನ್ನದಕ್ಕಿಂತ ಚೆನ್ನಾಗಿದೆ. ಸ್ವಲ್ಪ ಬೇಜಾರೂ ಆಯಿತು.