ಊಜಿ ನೊಣಕ್ಕೆ ಸೊಳ್ಳೆ ಬ್ಯಾಟು

ಬೆಳಗ್ಗೆಯಿಂದ ರೇಷ್ಮೆ ಬೆಳೆಗಾರರ ಗುಂಪುಗಳಲ್ಲಿ ಒಂದೇ ವಿಡಿಯೊ ಸುತ್ತುತ್ತಿದೆ. ಶಿಡ್ಲಘಟ್ಟದ ಕಡೆಯ ಯಾವುದೋ ಹುಳು ಮನೆ. ಒಬ್ಬ ಮಹಾಶಯರು ಸೊಳ್ಳೆ ಬ್ಯಾಟು ಹಿಡಿದು, ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ಊಜಿ ನೊಣಗಳನ್ನು ಚಟ್ ಚಟ್ ಅಂತ ಸುಡುತ್ತಿದ್ದಾರೆ. ಕೆಳಗೆ "ಸೂಪರ್ ಐಡಿಯಾ ಅಣ್ಣ" ಅಂತ ಸಾಲು ಸಾಲು ಕಾಮೆಂಟು. ಒಬ್ಬ ಪುಣ್ಯಾತ್ಮನಂತೂ "ಇಷ್ಟು ಕಷ್ಟ ಯಾಕೆ, ಸೊಳ್ಳೆ ಸ್ಪ್ರೇ ಹೊಡೀರಿ" ಅಂದಿದ್ದಾನೆ. ಅದೇ ವಿಡಿಯೊದಲ್ಲಿ ಗೋಡೆ ಬುಡದ ಬಿರುಕಿನಲ್ಲಿ ಕಂದು ಕಾಳಿನಂಥವು ಬಿದ್ದಿವೆ, ನೋಡಿದಿರಾ? ಊಜಿಯ ಪ್ಯೂಪಾ, ಮರಿ ನೊಣವಾಗುವ ಮುಂಚಿನ ಕೋಶ. ನಾಳೆಯ ನೊಣಗಳು. ಬ್ಯಾಟಿನವರು ಅವುಗಳ ಪಕ್ಕದಲ್ಲೇ ಕುಣಿಯುತ್ತಿದ್ದಾರೆ.

ಮೊದಲು ಸ್ಪ್ರೇ ವಿಷಯ ಮುಗಿಸ್ತೀನಿ, ಆಮೇಲೆ ಅದರ ಮಾತೇ ಬೇಡ. ಸೊಳ್ಳೆ ಬತ್ತಿ, ಸೊಳ್ಳೆ ಸ್ಪ್ರೇಗಳಲ್ಲಿ ಇರೋದು ಹೆಚ್ಚಾಗಿ ಪೈರೆಥ್ರಾಯ್ಡ್ ವಿಷ. ರೇಷ್ಮೆ ಹುಳುವಿಗೆ ಅದರ ವಾಸನೆ ಸೋಕಿದರೂ ಸಾಕು: ಹಸಿರು ರಸ ಕಕ್ಕುತ್ತೆ, ಮೈ ತಿರುಚುತ್ತೆ, ಕುಗ್ಗಿ ಸಾಯುತ್ತೆ. ಬದುಕಿ ಉಳಿದರೂ ನೆಟ್ಟಗೆ ಗೂಡು ಕಟ್ಟಲ್ಲ. ನೊಣ ಕಿಟಕಿಯಿಂದ ಹಾರಿ ಹೋಗಬಲ್ಲದು, ಹುಳು ಎಲ್ಲಿಗೆ ಹೋಗಬೇಕು?

ಈಗ ಬ್ಯಾಟಿಗೆ ಬರೋಣ. ನೊಣ ಕಣ್ಣಿಗೆ ಬೀಳುವ ಹೊತ್ತಿಗೆ ಅರ್ಧ ಕೆಲಸ ಮುಗಿಸಿರುತ್ತೆ. ಒಂದು ಹೆಣ್ಣು ತನ್ನ ಜೀವಮಾನದಲ್ಲಿ 300ರವರೆಗೆ ಮೊಟ್ಟೆ ಇಡಬಲ್ಲದು. ಒಂದು ಹುಳುವಿನ ಮೇಲೆ ಒಂದೋ ಎರಡೋ, ಅಷ್ಟೇ. ಮರಿಗೆ ಊಟ ಸಾಲಬೇಕಲ್ಲ, ಲೆಕ್ಕ ಗೊತ್ತು ಅದಕ್ಕೆ. ಎರಡು ಮೂರು ದಿನಕ್ಕೆ ಮೊಟ್ಟೆ ಒಡೆದು, ಮರಿ ಚರ್ಮ ಕೊರೆದು ಒಳಗೆ ಹೋಗುತ್ತೆ. ಹೋದ ಜಾಗದಲ್ಲಿ ಕಪ್ಪು ಮಚ್ಚೆ ಉಳಿಯುತ್ತೆ. ಹುಳುವಿನ ಮೈಮೇಲೆ ನಾವು ಹುಡುಕೋದು ಅದನ್ನೇ.

ಆ ಮಚ್ಚೆಯ ಹಿಂದೆ ನಡೆಯೋದನ್ನು ಯೋಚಿಸಿದಾಗಲೆಲ್ಲ ನನಗೆ, ಹೇಳಬಾರದು ಆದರೂ ಹೇಳ್ತೀನಿ, ಈ ನೊಣದ ಮೇಲೆ ಗೌರವ ಬರುತ್ತೆ. ರೇಷ್ಮೆ ಹುಳು ಸುಮ್ಮನೆ ಶರಣಾಗಲ್ಲ. ಅದರ ರಕ್ತದ ಕಣಗಳು ಒಳಗೆ ನುಗ್ಗಿದ ಮರಿಯನ್ನು ಮುತ್ತಿ, ಸುತ್ತಲೂ ಪೊರೆ ಕಟ್ಟಿ, ಉಸಿರುಗಟ್ಟಿಸಲು ನೋಡುತ್ತವೆ. ಊಜಿ ಮರಿ ಉಸಿರಾಡೋದು ಮೈಯ ಹಿಂತುದಿಯಿಂದ. ಆ ತುದಿಯನ್ನು ಒಳಬಂದ ತೂತಿನ ಕಡೆಗಿಟ್ಟು, ಕಟ್ಟುತ್ತಿರುವ ಪೊರೆಯನ್ನೇ ಕೊಳವೆ ಮಾಡಿಕೊಂಡು ಹೊರಗಿನ ಗಾಳಿ ಎಳೆಯುತ್ತೆ. ಕೊಲ್ಲಲು ಎಬ್ಬಿಸಿದ ಗೋಡೆಯನ್ನೇ ಕಿಟಕಿ ಮಾಡಿಕೊಂಡ ಹಾಗೆ. ಅಲ್ಲಿ ಕೂತು ರಕ್ತ, ಕೊಬ್ಬು ತಿನ್ನುತ್ತಾ ಐದರಿಂದ ಎಂಟು ದಿನ ಬೆಳೆಯುತ್ತೆ. ಅಷ್ಟೂ ದಿನ ನಿಮ್ಮ ಬ್ಯಾಟು ಗೋಡೆಗೆ ನೇತಾಡುತ್ತಿರುತ್ತೆ.

ನಷ್ಟ ಯಾವ ರೂಪದಲ್ಲಿ ಅನ್ನೋದು ಮೊಟ್ಟೆ ಬಿದ್ದ ದಿನದ ಮೇಲೆ ನಿಂತಿದೆ. ಹುಳು ಜ್ವರಕ್ಕೆ ಕೂರುವ, ಅಂದರೆ ಪೊರೆ ಕಳಚುವ ಹೊತ್ತಿನಲ್ಲಿ ಬಿದ್ದರೆ ಕೆಲವು ಮೊಟ್ಟೆ ಪೊರೆಯ ಜೊತೆಗೇ ಕಳಚಿ ಹೋಗುತ್ತವೆ, ನಮ್ಮ ಅದೃಷ್ಟ. ಹುಳುವಿನ ಬೆಳವಣಿಗೆಯ ಐದು ಹಂತಗಳಲ್ಲಿ ನಾಲ್ಕನೆಯದರಲ್ಲೋ ಐದನೆಯದರ ಮೊದಲಲ್ಲೋ ಬಿದ್ದರೆ ಹುಳು ಹಣ್ಣಾಗುವ, ಅಂದರೆ ಗೂಡು ಕಟ್ಟಲು ಸಿದ್ಧವಾಗುವ ಮುಂಚೆ ತಟ್ಟೆಯಲ್ಲೇ ಸಾಯುತ್ತೆ. ಐದನೇ ಹಂತದ ನಡುವಿನಿಂದ ಆಚೆಗೆ ಬಿದ್ದರೆ ಮೋಸ. ಹುಳು ಚಂದ್ರಿಕೆ (ಗೂಡು ಕಟ್ಟಿಸುವ ತಟ್ಟಿ) ಹತ್ತಿ ಗೂಡೂ ಕಟ್ಟುತ್ತೆ, ಆಮೇಲೆ ಊಜಿ ಮರಿ ಗೂಡು ತೂತು ಮಾಡಿ ಹೊರಬೀಳುತ್ತೆ. ತೂತು ಬಿದ್ದ ಗೂಡಿನಲ್ಲಿ ನೂಲು ಎಲ್ಲೆಂದರಲ್ಲಿ ತುಂಡು, ನೂಲು ತೆಗೆಯುವ ರೀಲರ್ ಅದನ್ನು ಬಿಚ್ಚಲಾರ. ಮಾರ್ಕೆಟ್ಟಿನಲ್ಲಿ ಲಾಟ್ ಕೆದಕಿ ನೋಡಿ ರೇಟು ಇಳಿಸಿದ ಅಂತ ಅವನನ್ನು ಬೈದರೆ ಏನು ಬಂತು?

ಹೊರಬಿದ್ದ ಮರಿ ಏನು ಮಾಡುತ್ತೆ? ಕೆಳಗೆ ಬೀಳುತ್ತೆ. ಕತ್ತಲೆ ಹುಡುಕಿಕೊಂಡು ನೆಲದ ಬಿರುಕು, ಮೂಲೆ, ಹಿಕ್ಕೆ ರಾಶಿ, ಸಡಿಲ ಮಣ್ಣು ಸೇರಿ ಪ್ಯೂಪಾ ಆಗುತ್ತೆ. ಹತ್ತು ಹನ್ನೆರಡು ದಿನ ಅಲ್ಲಾಡದೆ, ಹಾರದೆ, ಓಡದೆ ಬಿದ್ದಿರುತ್ತೆ. ಊಜಿ ನಮ್ಮ ಕೈಗೆ ಸುಲಭವಾಗಿ ಸಿಗೋದು ಆಗ ಮಾತ್ರ. ಆ ಹತ್ತು ದಿನ ಯಾರೂ ನೆಲ ನೋಡಲ್ಲ. ನೊಣ ಎದ್ದು ಹಾರಿದ ಮೇಲೆ ಬ್ಯಾಟು ತರ್ತಾರೆ.

ಪರಾವಲಂಬಿ ಯಾವುದೇ ಇರಲಿ, ಅದು ದಾಟಲೇಬೇಕಾದ ಒಂದು ಗಡಿ ಇರುತ್ತೆ. ರೇಷ್ಮೆ ಹುಳುವಿನ ಗಂಟು ರೋಗ (ಪೆಬ್ರಿನ್) ತೆಗೆದುಕೊಳ್ಳಿ. ಅದರ ಸೂಕ್ಷ್ಮಜೀವಿ ನೊಸೆಮಾ ಸೊಪ್ಪಿನ ಮೂಲಕವೂ ಹರಡುತ್ತೆ, ಆದರೆ ಪೀಳಿಗೆಯಿಂದ ಪೀಳಿಗೆಗೆ ಸಾಗೋದು ತಾಯಿ ಚಿಟ್ಟೆಯಿಂದ ಮೊಟ್ಟೆಗೆ. ಆ ದಾರಿಗೆ ಚಿಟ್ಟೆ ಬದುಕಿ ಮೊಟ್ಟೆ ಇಡಬೇಕು, ಆದ್ದರಿಂದ ಎಲ್ಲ ಹುಳುವನ್ನೂ ಆತುರಕ್ಕೆ ಕೊಂದರೆ ಅದಕ್ಕೇ ನಷ್ಟ. 1865ರಲ್ಲಿ ದಕ್ಷಿಣ ಫ್ರಾನ್ಸಿಗೆ ಹೋದ ಲೂಯಿ ಪಾಸ್ಚರ್ ಹಿಡಿದದ್ದು ಈ ಗಡಿಯನ್ನೇ: ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡು, ರೋಗದ ಬೀಜಕ (ಸ್ಪೋರ್) ಕಂಡರೆ ಆ ಮೊಟ್ಟೆ ಸುಡು. ಇವತ್ತಿಗೂ ಮೊಟ್ಟೆ ಕೇಂದ್ರಗಳಲ್ಲಿ ನಡೆಯೋದು ಅದೇ. ಊಜಿಗೆ ಹುಳು ಬದುಕುವ ಹಂಗಿಲ್ಲ, ಊಟ ಮುಗಿದರೆ ಸಾಕು. ಅದರ ಗಡಿ ನಿಮ್ಮ ಹುಳು ಮನೆ ನೆಲ.

1980ರಲ್ಲಿ ಕರ್ನಾಟಕಕ್ಕೆ ಊಜಿ ಬಂದದ್ದು ರೆಕ್ಕೆ ಬಡಿದುಕೊಂಡಲ್ಲ ಸ್ವಾಮಿ. ಪಶ್ಚಿಮ ಬಂಗಾಳದಿಂದ ಬಂದ ಗೂಡಿನ ಜೊತೆ, ನಾವೇ ಬಾಡಿಗೆ ಕೊಟ್ಟು ಕರೆತಂದದ್ದು. ಈಗಲೂ ಹಳ್ಳಿಯಿಂದ ಮಾರ್ಕೆಟ್ಟಿಗೆ, ಅಲ್ಲಿಂದ ರೀಲಿಂಗ್ ಶೆಡ್ಡಿಗೆ ಅದು ಚೀಲದಲ್ಲೇ ಪ್ರಯಾಣ ಮಾಡುತ್ತೆ. ಖಾಲಿ ಚೀಲ ಕೊಡವದೆ ವಾಪಸ್ ತಂದು ಹುಳು ಮನೆ ಮೂಲೆಗೆ ಎಸೆಯುವವರಿಗೆ ನಮಸ್ಕಾರ.

ಮಾಡಬೇಕಾದ್ದು ಇಷ್ಟು. ಕಿಟಕಿ ಬಾಗಿಲಿಗೆ ನೈಲಾನ್ ಪರದೆ, ಮುಂದೊಂದು ಸಣ್ಣ ಕೋಣೆ, ಒಂದು ಬಾಗಿಲು ಮುಚ್ಚಿದ ಮೇಲೇ ಇನ್ನೊಂದು ತೆರೆಯೋದು. ಸೊಪ್ಪಿನ ಹೊರೆಯನ್ನು ಹೊರಗೇ ಕೊಡವಿ, ನೊಣ ಅದರ ಮೇಲೆ ಕೂತೇ ಒಳಗೆ ಬರುತ್ತೆ. ನೆಲ, ಗೋಡೆ ಬುಡದ ಬಿರುಕುಗಳಿಗೆ ಸಿಮೆಂಟು. ಐದನೇ ಹಂತದಿಂದ ಗೂಡು ಬಿಡಿಸುವವರೆಗೂ ದಿನಾ ನೆಲ ಗುಡಿಸಿ, ಸಿಕ್ಕ ಮರಿ, ಪ್ಯೂಪಾಗಳನ್ನು ಸೋಪಿನ ನೀರಿಗೆ ಹಾಕಿ. ಕಸದ ಗುಂಡಿಗಲ್ಲ, ಸೋಪಿನ ನೀರಿಗೆ! ಗುಂಡಿಗೆ ಎಸೆದರೆ ಅಲ್ಲಿಂದಲೇ ಎದ್ದು ಬರುತ್ತವೆ. ಮಳೆಗಾಲದಲ್ಲಿ ಇದರಲ್ಲಿ ಒಂದು ದಿನವೂ ತಪ್ಪಬಾರದು.

ಇದರ ಜೊತೆಗೆ ಪರಾವಲಂಬಿಯನ್ನು ತಿನ್ನುವ ಪರಾವಲಂಬಿ, ನೆಸೊಲಿಂಕ್ಸ್ ಥೈಮಸ್. ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕ ಕಣಜ. ಊಜಿಯ ಪ್ಯೂಪಾ ಹುಡುಕಿ, ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತೆ. ನೊಣ ಏಳಬೇಕಾದ ಸಿಪ್ಪೆಯಿಂದ ಡಜನ್‌ಗಟ್ಟಲೆ ಕಣಜ ಏಳುತ್ತವೆ. ರೇಷ್ಮೆ ಹುಳುವಿನ ತಂಟೆಗೆ ಬರಲ್ಲ. 100 ಮೊಟ್ಟೆ ಗುಂಪಿನ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳೆಲ್ಲ ಸೇರಿ ಒಂದು ಗುಂಪು) ಸಾಕಣೆಗೆ 1 ಲಕ್ಷ ಕಣಜ, ಅಂದರೆ 50,000ದ ಎರಡು ಪೌಚು. ಐದನೇ ಹಂತದ ಎರಡು ಮೂರನೇ ದಿನ ಸಂಜೆ ಹುಳು ಮನೆಯಲ್ಲಿ ಕಟ್ಟಿ. ಹುಳು ಹತ್ತಿದ ಮೇಲೆ ಚಂದ್ರಿಕೆ ಹತ್ತಿರ, ಗೂಡು ಬಿಡಿಸಿದ ಮೇಲೆ ಗೊಬ್ಬರದ ಗುಂಡಿ ಹತ್ತಿರ. ಪೌಚು ಕಟ್ಟಿದ ಮನೆಯಲ್ಲೇ ಕೀಟನಾಶಕ ಹೊಡೆದು "ಕಣಜ ಕೆಲಸ ಮಾಡಲಿಲ್ಲ" ಅನ್ನುವವರ ಜೊತೆ ನಾನು ವಾದ ಮಾಡಲ್ಲ.

"ನಾನೊಬ್ಬ ಗುಡಿಸಿದರೆ ಏನಾಯ್ತು, ಪಕ್ಕದವನು ಗುಡಿಸಲ್ಲ" ಅಂತೀರಿ. ಸರಿ, ಪಕ್ಕದವನ ನೊಣ ಬಂದೇ ಬರುತ್ತೆ. ಪರದೆ ಇರೋದು ಅದಕ್ಕೇ. ಆದರೆ ನಿಮ್ಮ ನೆಲದಲ್ಲಿ ಹುಟ್ಟಿದ ನೊಣಕ್ಕೆ ಪರದೆ ದಾಟುವ ಕೆಲಸವೇ ಇಲ್ಲ, ಅದು ಆಗಲೇ ಒಳಗಿದೆ. ಹತ್ತು ಪ್ಯೂಪಾ ಉಳಿದು, ಅದರಲ್ಲಿ ಐದು ಹೆಣ್ಣಾದರೂ ಸಾವಿರ ದಾಟಿ ಮೊಟ್ಟೆ. ಲೆಕ್ಕ ನೀವೇ ಹಾಕಿಕೊಳ್ಳಿ.

ಇನ್ನು "ಕಣಜ ಗಿಣಜ ಎಲ್ಲಾ ಪುಸ್ತಕದ ಬದನೆಕಾಯಿ" ಅನ್ನುವವರು. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಪಪ್ಪಾಯ ಹಿಟ್ಟು ತಿಗಣೆ ಹಿಪ್ಪುನೇರಳೆಯನ್ನೂ ಹೇಗೆ ತಿಂದಿತು ಅನ್ನೋದು ಮರೆತಿರಾ? ಹೊಡೆದ ಔಷಧಿ ಅದರ ಮೈಮೇಲಿನ ಹಿಟ್ಟಿನ ಮೇಲೇ ನಿಂತಿತ್ತು. 2010ರಲ್ಲಿ ಪೋರ್ಟೊರಿಕೊದಿಂದ ತರಿಸಿದ ಕಣಜಗಳು, ಮುಖ್ಯವಾಗಿ ಅಸಿರೊಫಾಗಸ್ ಪಪಾಯೆ, ಅದನ್ನು ಹತೋಟಿಗೆ ತಂದವು.

ಪೌಚು ಎಲ್ಲಿ ಸಿಗುತ್ತೆ ಅಂತ ಇನ್‌ಬಾಕ್ಸಿನಲ್ಲಿ ಕೇಳಬೇಡಿ, ನಾನು ಅಂಗಡಿ ಇಟ್ಟಿಲ್ಲ. ನಿಮ್ಮ ರೇಷ್ಮೆ ತಾಂತ್ರಿಕ ಸೇವಾ ಕೇಂದ್ರದಲ್ಲಿ ವಿಚಾರಿಸಿ. ಅದರಲ್ಲಿರೋದು ಜೀವ ಇರುವ ಕಣಜ, ತಂದು ಅಟ್ಟದಲ್ಲಿ ಇಟ್ಟುಕೊಳ್ಳೋಕಾಗಲ್ಲ. ಹುಳು ಹಣ್ಣಾದ ದಿನ ಫೋನು ಮಾಡಿದರೆ ಯಾರೂ ಏನೂ ಮಾಡಲಾರರು. ಚಾಕಿ (ಎಳೆ ಹುಳು) ತಂದ ದಿನವೇ ಹೇಳಿಡಿ.